ಬಾಲ ತೂಗುವ ವಿಮಾನಕ್ಕೆ ಡಚ್ಚರ ಹೆಸರೇಕೆ?

ಪ್ರಶ್ನೆ: ಕಳೆದ ಮಳೆಗಾಲದಲ್ಲಿ ಹುಬ್ಬಳ್ಳಿಯಿಂದ ಬೆಂಗಳೂರಿಗೆ ವಿಮಾನದಲ್ಲಿ ಹೋಗುವಾಗ ನನಗೆ ಹಿಂದಿನ ಸಾಲಿನಲ್ಲಿ ಸೀಟು ಸಿಕ್ಕಿತ್ತು. ಮೋಡಗಳ ನಡುವೆ ಸಾಗುವಷ್ಟು ಹೊತ್ತೂ ಬಾಲದ ಕಡೆಯ ಭಾಗ ಎಡಕ್ಕೂ ಬಲಕ್ಕೂ ತೂಗಿದಂತಾಯಿತು. ಹುಬ್ಬಳ್ಳಿಯಲ್ಲಿ ಇಂಜಿನಿಯರಿಂಗ್ ಓದುತ್ತಿರುವ ನನ್ನ ಮೊಮ್ಮಗ ಅದನ್ನು ‘ಡಚ್ ರೋಲ್’ ಎಂದು ಕರೆಯುತ್ತಾರೆಂದ. ಆ ಹೆಸರು ಎಲ್ಲಿಂದ ಬಂತೆಂದು ಕೇಳಿದಾಗ, ಹಾಲೆಂಡಿನ ಫೋಕರ್ ವಿಮಾನಗಳಿಂದ ಬಂದಿರಬೇಕು ಎಂದು ಅವನೂ, ಡಚ್ಚರ ಹಳೆಯ ಹಡಗುಗಳ ಹೊಯ್ದಾಟದಿಂದ ಬಂತು ಎಂದು ಅವನ ಗೆಳೆಯನೂ ಹೇಳಿದರು. ಯಾವುದು ಸರಿ? ಆ ತೂಗಾಟ ಅಪಾಯಕಾರಿಯೇ?
— ನಿವೃತ್ತ ಶಿಕ್ಷಕರು, ಗದಗ

ಉತ್ತರ: ಎರಡೂ ಸರಿಯಲ್ಲ. ಇಂಡಿಯನ್ ಏರ್‌ಲೈನ್ಸ್‌ನ ಫೋಕರ್ ಫ್ರೆಂಡ್‌ಶಿಪ್ ವಿಮಾನಗಳನ್ನು ಕಂಡ ಪೀಳಿಗೆಗೆ ಡಚ್ ಎಂದೊಡನೆ ಫೋಕರ್ ನೆನಪಾಗುವುದು ಸಹಜ. ಆದರೆ ಈ ಹೆಸರು ವಿಮಾನಶಾಸ್ತ್ರದ ಬರವಣಿಗೆಗೆ ಬಂದ 1916ರಲ್ಲಿ ಆಂಥನಿ ಫೋಕರ್ ಜರ್ಮನಿಯಲ್ಲಿ ಕುಳಿತು ಜರ್ಮನ್ ಸೇನೆಗೆ ಯುದ್ಧವಿಮಾನ ಕಟ್ಟಿಕೊಡುತ್ತಿದ್ದ. ಅವನ ವಿಮಾನಗಳಿಗೂ ಈ ಹೆಸರಿಗೂ ಸಂಬಂಧವಿಲ್ಲ. ಹಡಗಿನ ಕಥೆ ಕೇಳಲು ಚೆನ್ನಾಗಿದೆಯಾದರೂ, ಹೆಸರನ್ನು ಬಳಸಿದವರೇ ಅದರ ಮೂಲವನ್ನು ಬರೆದಿಟ್ಟಿರುವುದರಿಂದ ಊಹೆಯ ಅಗತ್ಯವೇ ಉಳಿದಿಲ್ಲ.

ಹಾಗೆ ಬರೆದವರು ಜೆರೋಮ್ ಹನ್ಸೇಕರ್. ಅಮೆರಿಕದ ನೌಕಾದಳದ ಅಧಿಕಾರಿಯಾಗಿದ್ದ ಇವರು ಮ್ಯಾಸಚೂಸೆಟ್ಸ್ ತಂತ್ರಜ್ಞಾನ ಸಂಸ್ಥೆಯಲ್ಲಿ ವಿಮಾನಶಾಸ್ತ್ರದ ಪಾಠಗಳನ್ನು ಆರಂಭಿಸಿ, ಅಲ್ಲಿ ಮಾದರಿಗಳ ಮೇಲೆ ಗಾಳಿ ಹಾಯಿಸಿ ಪರೀಕ್ಷಿಸುವ ಗಾಳಿಸುರಂಗವನ್ನೂ ಕಟ್ಟಿಸಿದರು. ಹಾರುವ ವಿಮಾನದ ಸ್ಥಿರತೆಯನ್ನು ಗಣಿತದ ಮೂಲಕ ವಿವರಿಸುವ ಸಮೀಕರಣಗಳನ್ನು ಜಿ. ಎಚ್. ಬ್ರಯಾನ್ ಎಂಬ ಬ್ರಿಟಿಷ್ ಗಣಿತಜ್ಞರು 1911ರಲ್ಲೇ ಪ್ರಕಟಿಸಿದ್ದರು. ಹನ್ಸೇಕರ್ ವಿಮಾನಗಳ ಪುಟ್ಟ ಮಾದರಿಗಳನ್ನು ಗಾಳಿಸುರಂಗದಲ್ಲಿಟ್ಟು ಅಳೆದ ಅಂಕಿಗಳನ್ನು ಆ ಸಮೀಕರಣಗಳಿಗೆ ಹಾಕಿ ನೋಡಿದಾಗ, ಮೂತಿ ಅತ್ತಿತ್ತ ತಿರುಗುವುದೂ ರೆಕ್ಕೆಗಳು ಮೇಲೆ ಕೆಳಗೆ ವಾಲುವುದೂ ಒಂದಕ್ಕೊಂದು ಹೆಣೆದುಕೊಂಡ ಒಂದು ತೂಗಾಟ ಉತ್ತರವಾಗಿ ಹೊರಬಿತ್ತು. ಸ್ಮಿತ್ಸೋನಿಯನ್ ಸಂಸ್ಥೆ 1916ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ಅವರು ಈ ಚಲನೆಯು ಐಸ್ ಸ್ಕೇಟಿಂಗ್‌ನ ‘ಡಚ್ ರೋಲ್’ ಅಥವಾ ‘ಹೊರ ಅಂಚಿನ’ ಓಟವನ್ನು ಹೋಲುತ್ತದೆ ಎಂದರು. ಹಾಗೆ ವಿವರಣೆಗೆಂದು ಬಂದ ಮಾತು ಹೆಸರಾಗಿ ನಿಂತಿತು.

ನಮ್ಮ ಹುಬ್ಬಳ್ಳಿ-ಧಾರವಾಡದ ಮಕ್ಕಳು ಗಾಲಿಯ ಸ್ಕೇಟಿಂಗ್ ಬಲ್ಲರೇ ಹೊರತು ಹೆಪ್ಪುಗಟ್ಟಿದ ನೀರಿನ ಮೇಲಿನ ಆಟವನ್ನು ಟೀವಿಯಲ್ಲಷ್ಟೇ ಕಂಡವರಾದ್ದರಿಂದ ಇದನ್ನು ತುಸು ಬಿಡಿಸಿ ಹೇಳಬೇಕು. ಐಸ್ ಸ್ಕೇಟಿನ ಉಕ್ಕಿನ ಅಲಗಿನ ಅಡಿಭಾಗ ಸಾಮಾನ್ಯವಾಗಿ ಚಪ್ಪಟೆಯಾಗಿರುವುದಿಲ್ಲ. ಉದ್ದಕ್ಕೂ ನಡುವೆ ಸಣ್ಣ ತಗ್ಗು ಇದ್ದು, ಅದರ ಎರಡೂ ಬದಿಗೆ ಎರಡು ಚೂಪು ಅಂಚುಗಳಿರುತ್ತವೆ. ಎಡಗಾಲಿನ ಹೊರ ಅಂಚಿನ ಮೇಲೆ ಭಾರ ಹಾಕಿ ಎಡಕ್ಕೆ ವಾಲಿದರೆ ಆಟಗಾರ ಎಡಕ್ಕೇ ಬಾಗಿದ ಗೆರೆಯನ್ನು ಕೊರೆಯುತ್ತ ಜಾರುತ್ತಾನೆ. ಆ ಬಾಗು ಮುಗಿಯುವ ಹೊತ್ತಿಗೆ ಬಲಗಾಲಿನ ಹೊರ ಅಂಚಿಗೆ ಭಾರ ಬದಲಿಸಿ ಬಲಕ್ಕೆ ವಾಲುತ್ತಾನೆ. ಹೀಗೆ ಕಾಲು ಬದಲಿಸುತ್ತ ಹೋದಂತೆ ದೇಹ ಎಡಕ್ಕೂ ಬಲಕ್ಕೂ ವಾಲುತ್ತದೆ, ದಾರಿಯೂ ಅದರೊಡನೆ ಅಂಕುಡೊಂಕಾಗುತ್ತದೆ, ಆದರೆ ಒಟ್ಟು ಪಯಣ ಮಾತ್ರ ನೇರ ಮುಂದಕ್ಕೇ ಇರುತ್ತದೆ. ಇಂಗ್ಲಿಷ್ ಸ್ಕೇಟರುಗಳ ಬಾಯಲ್ಲಿ ಈ ಓಟಕ್ಕೆ ಡಚ್ ರೋಲ್ ಎಂಬ ಹೆಸರಿತ್ತು.

ಡಚ್ಚರ ಹೆಸರು ಇಲ್ಲಿ ಸೇರಿದ್ದು ಅಕಾರಣವಲ್ಲ. ಚಳಿಗಾಲದಲ್ಲಿ ಕಾಲುವೆಗಳೆಲ್ಲ ಹೆಪ್ಪುಗಟ್ಟುತ್ತಿದ್ದ ನೆದರ್ಲೆಂಡ್ಸ್‌ನಲ್ಲಿ ಸ್ಕೇಟಿಂಗ್ ಎಂದರೆ ಆಟವೂ ಹೌದು, ಊರಿಂದೂರಿಗೆ ಹೋಗುವ ದಾರಿಯೂ ಹೌದು. ಹದಿನೇಳನೆಯ ಶತಮಾನದ ಚಿತ್ರಕಾರ ಹೆಂಡ್ರಿಕ್ ಆವರ್‌ಕಾಂಪ್‌ನ ಚಳಿಗಾಲದ ಚಿತ್ರಗಳಲ್ಲಿ ಇಡೀ ಊರೇ ಐಸಿನ ಮೇಲೆ ಇಳಿದಿರುತ್ತದೆ. ಇಂಗ್ಲೆಂಡಿನ ಎರಡನೆಯ ಚಾರ್ಲ್ಸ್ ದೊರೆ ದೇಶಭ್ರಷ್ಟನಾಗಿ ಡಚ್ಚರ ನಾಡಿನಲ್ಲೂ ಕೆಲಕಾಲ ಇದ್ದು ಮರಳಿದ ಮೇಲೆ, 1662ರ ಚಳಿಗಾಲದಲ್ಲಿ ಲಂಡನ್ನಿನ ಸೇಂಟ್ ಜೇಮ್ಸ್ ಪಾರ್ಕಿನ ಕಾಲುವೆಯ ಮೇಲೆ ಹಾಲೆಂಡಿನವರ ರೀತಿಯಲ್ಲಿ ಸ್ಕೇಟ್ ಮಾಡುವವರನ್ನು ಕಂಡು ಅಲ್ಲಿನ ದಿನಚರಿಕಾರರು ಬೆರಗಾಗಿ ಬರೆದಿದ್ದಾರೆ. ಬಾಸ್ಟನ್ನಿನ ಚಳಿಯಲ್ಲಿ ಪಾಠ ಮಾಡುತ್ತಿದ್ದ ಹನ್ಸೇಕರರಿಗೆ ಈ ಹೋಲಿಕೆ ಹೊಳೆದದ್ದರಲ್ಲಿ ಆಶ್ಚರ್ಯವೇನೂ ಇಲ್ಲ. ಆದರೂ ಹೋಲಿಕೆ ಪೂರಾ ಕೂಡಿಬರುವುದಿಲ್ಲ ಎಂದೇ ನನ್ನ ಅನಿಸಿಕೆ: ಸ್ಕೇಟರನು ವಾಲಿದ ಕಡೆಗೇ ತಿರುಗುತ್ತಾನೆ, ವಿಮಾನದಲ್ಲಾದರೋ ವಾಲುವುದೂ ತಿರುಗುವುದೂ ಒಂದಕ್ಕಿಂತ ಒಂದು ಹಿಂದುಮುಂದಾಗಿ ನಡೆಯುತ್ತವೆ.

ಅದು ಹೇಗೆಂದರೆ, ಗಾಳಿಯ ಒಂದು ಹೊಡೆತಕ್ಕೆ ವಿಮಾನದ ಮೂತಿ ಬಲಕ್ಕೆ ತಿರುಗಿತೆನ್ನಿ. ಆಗ ಎದುರುಗಾಳಿ ಎಡಬದಿಯಿಂದ ಓರೆಯಾಗಿ ಬಡಿಯುತ್ತದೆ. ಹಿಂದಕ್ಕೆ ಬಾಗಿದ ರೆಕ್ಕೆಗಳಿರುವ ಜೆಟ್ ವಿಮಾನದಲ್ಲಿ ಎಡರೆಕ್ಕೆಗೆ ಆ ಗಾಳಿ ಹೆಚ್ಚು ನೇರವಾಗಿ ಸಿಕ್ಕು ಅದರ ಎತ್ತುಬಲ ಹೆಚ್ಚುತ್ತದೆ, ವಿಮಾನ ಬಲಕ್ಕೆ ವಾಲುತ್ತದೆ. ಅದೇ ಹೊತ್ತಿಗೆ ಬಾಲದ ಮೇಲೆ ನೆಟ್ಟಗೆ ನಿಂತ ರೆಕ್ಕೆ ಮೂತಿಯನ್ನು ಗಾಳಿಯ ಕಡೆಗೆ, ಅಂದರೆ ಎಡಕ್ಕೆ, ಎಳೆದು ತರುತ್ತದೆ. ಆ ಎಳೆತದ ಭರದಲ್ಲಿ ಮೂತಿ ನಡುಗೆರೆಯನ್ನು ದಾಟಿ ಎಡಕ್ಕೆ ಹೋಗುತ್ತದೆ, ಮತ್ತೆ ಅದೇ ಆಟ ಎದುರು ದಿಕ್ಕಿನಲ್ಲಿ ಶುರುವಾಗುತ್ತದೆ. ದೊಡ್ಡ ವಿಮಾನಗಳಲ್ಲಿ ಇಂಥ ಒಂದು ಸುತ್ತಿಗೆ ಕೆಲವು ಸೆಕೆಂಡುಗಳು ಬೇಕು. ಸಾಮಾನ್ಯವಾಗಿ, ತಳ್ಳಿ ಕೈಬಿಟ್ಟ ಜೋಕಾಲಿಯಂತೆ ಅದು ತಾನಾಗಿಯೇ ಕಡಿಮೆಯಾಗುತ್ತ ನಿಲ್ಲುತ್ತದೆ. ಗಾಳಿ ತೆಳುವಾಗಿರುವ ಎತ್ತರದಲ್ಲಿ ಮಾತ್ರ ಈ ತಗ್ಗುವಿಕೆ ನಿಧಾನ.

ಬಾಲದ ರೆಕ್ಕೆಯನ್ನು ಇನ್ನಷ್ಟು ದೊಡ್ಡದು ಮಾಡಿದರಾಯಿತಲ್ಲ ಎಂದು ನಿಮ್ಮ ಮೊಮ್ಮಗ ಕೇಳಬಹುದು. ಮಾಡಿದರೆ ಈ ತೂಗಾಟ ತಗ್ಗುತ್ತದೆ, ಆದರೆ ವಾಲಿದ ವಿಮಾನ ಮೆಲ್ಲಗೆ ಸುರುಳಿಯಾಗಿ ಕೆಳಗಿಳಿಯುವ ಇನ್ನೊಂದು ಚಾಳಿ ಹೆಚ್ಚುತ್ತದೆ. ಆದ್ದರಿಂದ ಜೆಟ್ ವಿಮಾನಗಳಲ್ಲಿ ‘ಯಾ ಡ್ಯಾಂಪರ್’ ಎಂಬ ಸಾಧನವನ್ನು ಅಳವಡಿಸಿರುತ್ತಾರೆ. ಮೂತಿ ತಿರುಗುವ ವೇಗವನ್ನು ಅಳೆದು, ಪೈಲಟ್ ಪೆಡಲ್ ಒತ್ತುವ ಮೊದಲೇ ರಡ್ಡರನ್ನು, ಅಂದರೆ ಬಾಲದ ನಿಂತ ರೆಕ್ಕೆಯ ಹಿಂಬದಿಯಲ್ಲಿ ಅತ್ತಿತ್ತ ತಿರುಗುವ ಫಲಕವನ್ನು, ತಕ್ಕಷ್ಟು ಎದುರು ದಿಕ್ಕಿಗೆ ಆಡಿಸುವುದು ಅದರ ಕೆಲಸ.

ಅಪಾಯದ ಬಗೆಗೆ ಕೇಳಿದ್ದೀರಿ. 1959ರ ಅಕ್ಟೋಬರ್ 19ರಂದು ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ, ಪೈಲಟ್‌ಗಳಿಗೆ ಡಚ್ ರೋಲ್ ನಿಭಾಯಿಸುವುದನ್ನು ಕಲಿಸುತ್ತಿದ್ದ ಬೋಯಿಂಗ್ 707 ವಿಮಾನವನ್ನು ನಿಗದಿತ ಮಿತಿ ಮೀರಿ ವಾಲಿಸಿದ್ದರಿಂದ ಅದರ ನಾಲ್ಕು ಎಂಜಿನ್‌ಗಳಲ್ಲಿ ಮೂರು ಕಳಚಿಬಿದ್ದು, ವಿಮಾನದಲ್ಲಿದ್ದ 8 ಜನರಲ್ಲಿ 4 ಮಂದಿ ತೀರಿಕೊಂಡರು. ಮುಂದೆ ಬ್ರಿಟಿಷ್ ಅಧಿಕಾರಿಗಳ ಒತ್ತಾಯದಿಂದ 707ರ ಬಾಲದ ರೆಕ್ಕೆಯನ್ನು ಎತ್ತರಿಸಲಾಯಿತು. 1985ರ ಆಗಸ್ಟ್ 12ರಂದು ಜಪಾನಿನಲ್ಲಿ ಬಾಲದ ರೆಕ್ಕೆಯ ಬಹುಭಾಗವನ್ನೂ ಇಂಥ ಫಲಕಗಳನ್ನು ಆಡಿಸುವ ಹೈಡ್ರಾಲಿಕ್ ವ್ಯವಸ್ಥೆಯನ್ನೂ ಕಳೆದುಕೊಂಡ ಬೋಯಿಂಗ್ 747 ಅರ್ಧ ಗಂಟೆಯಷ್ಟು ಹೊತ್ತು ಹೀಗೆ ಹೊಯ್ದಾಡುತ್ತ ಹಾರಿ ಬೆಟ್ಟಕ್ಕೆ ಬಡಿದಾಗ 520 ಮಂದಿ ಸತ್ತರು, ಬದುಕಿದವರು ನಾಲ್ವರೇ. ಇವು ಮಿತಿ ಮೀರಿದ ಅಥವಾ ಬಾಲವೇ ಇಲ್ಲವಾದ ಪ್ರಸಂಗಗಳು. ಯಾ ಡ್ಯಾಂಪರ್ ಕೆಟ್ಟರೆ ಪೈಲಟ್‌ಗಳು ವಿಮಾನಕ್ಕೆ ಗೊತ್ತುಮಾಡಿದ ನಿಯಮದಂತೆ ಎತ್ತರ, ವೇಗಗಳ ಮಿತಿಯೊಳಗೆ ಹಾರಿಸುತ್ತಾರೆ.

ನೀವು ಅನುಭವಿಸಿದ್ದು ಬಹುಮಟ್ಟಿಗೆ ಮಳೆಮೋಡಗಳೊಳಗಿನ ಗಾಳಿಯ ಕುಲುಕಾಟ. ಬಾಲದ ಬಳಿ ಕುಳಿತವರಿಗೆ ಅಡ್ಡ ತೂಗಾಟ ನಡುವಿನ ಸಾಲಿನವರಿಗಿಂತ ಹೆಚ್ಚಾಗಿ ತಿಳಿಯುತ್ತದೆ. ಇನ್ನೊಮ್ಮೆ ಹೋಗುವಾಗ ಕಿಟಕಿಯ ಸೀಟು ಸಿಕ್ಕಿ ದಿಗಂತ ಕಾಣಿಸಿದರೆ ರೆಕ್ಕೆಯ ತುದಿಯನ್ನೇ ನೋಡಿರಿ: ಅದು ಬರೀ ಮೇಲೆ ಕೆಳಗೆ ಆಡದೆ, ದಿಗಂತದ ಮೇಲೆ ಮತ್ತೆ ಮತ್ತೆ ಮೊಟ್ಟೆಯಾಕಾರದ ಸುತ್ತು ಬರೆಯುತ್ತಿದ್ದರೆ ಡಚ್ ರೋಲ್ ಎನ್ನಬಹುದು.

ಪ್ರಶ್ನೆ: ನಮ್ಮ ಅಕ್ಕನ ಮಗಳು ಪೈಲಟ್ ತರಬೇತಿ ಪಡೆಯುತ್ತಿದ್ದಾಳೆ. ಸಣ್ಣ ವಿಮಾನದಲ್ಲಿ ಬೋಧಕರು ಅವಳಿಂದ ‘ಡಚ್ ರೋಲ್’ ಮಾಡಿಸಿದರಂತೆ. ಅಸ್ಥಿರತೆಯನ್ನು ಬೇಕೆಂದೇ ಮಾಡಿಸುವುದುಂಟೇ?
— ಓದುಗರು, ಹಾವೇರಿ

ಉತ್ತರ: ಅವಳು ಮಾಡಿದ್ದು ಬೇರೆಯದೇ ಒಂದು ಅಭ್ಯಾಸ. ಕಪ್ಪತಗುಡ್ಡದಂಥ ದೂರದ ಗುರುತೊಂದಕ್ಕೆ ಮೂತಿಯನ್ನು ನೆಟ್ಟು, ಅದು ಅಲ್ಲಿಂದ ಕದಲದಂತೆ ರಡ್ಡರಿನಿಂದ ಹಿಡಿದುಕೊಂಡು, ರೆಕ್ಕೆಗಳನ್ನು ಎಡಕ್ಕೂ ಬಲಕ್ಕೂ ವಾಲಿಸುವುದನ್ನು ತರಬೇತಿ ಶಾಲೆಗಳಲ್ಲಿ ಇದೇ ಹೆಸರಿನಿಂದ ಕರೆಯುವ ರೂಢಿಯಿದೆ. ಕೈಕಾಲುಗಳ ಹೊಂದಾಣಿಕೆ ಕಲಿಸುವುದು ಅದರ ಉದ್ದೇಶ. ಹನ್ಸೇಕರ್ ಹೇಳಿದ ಚಲನೆಯಲ್ಲಿ ಮೂತಿಯೂ ತೂಗಲೇಬೇಕು, ಇಲ್ಲಿ ಮೂತಿ ತೂಗಿದರೆ ಬೋಧಕರು ಗದರುತ್ತಾರೆ. ಅಲ್ಲದೆ ಈ ಅಭ್ಯಾಸದಲ್ಲಿ ಪೈಲಟ್ ವಾಲಿಸುವುದನ್ನು ನಿಲ್ಲಿಸಿದೊಡನೆ ಆಟ ನಿಲ್ಲುತ್ತದೆ. ನಿಜವಾದ ಡಚ್ ರೋಲ್ ಒಮ್ಮೆ ಹುಟ್ಟಿದ ಮೇಲೆ ಪೈಲಟ್ ಕೈಬಿಟ್ಟರೂ ಕೆಲಹೊತ್ತು ನಡೆದೇ ಇರುತ್ತದೆ.