ಊಪ್ಸ್ (ಆಬ್ಜೆಕ್ಟ್ ಓರಿಯೆಂಟೆಡ್ ಪ್ರೋಗ್ರಾಮಿಂಗ್) ಡೆಫಿನಿಷನ್ ಎಲ್ಲ ಬಾಯಿಪಾಠ ಇದೆ, ಪ್ರೋಗ್ರಾಂ ಬರೆಯಲು ಕೂತರೆ ಮಾತ್ರ ಏನೂ ತೋಚಲ್ಲ. ಏನು ಮಾಡಲಿ?

ನೀವು ಬರೆದಿರುವುದು ಇಷ್ಟು: ಹಾಸನದಲ್ಲಿ ಕಂಪ್ಯೂಟರ್ ಸೈನ್ಸ್, ಮೂರನೇ ಸೆಮ್. ಹತ್ತನೇ ಕ್ಲಾಸಿನವರೆಗೆ ಕನ್ನಡ ಮೀಡಿಯಂ. ಕ್ಲಾಸ್, ಆಬ್ಜೆಕ್ಟ್, ಇನ್‌ಹೆರಿಟೆನ್ಸ್, ಪಾಲಿಮಾರ್ಫಿಸಂ ಏನೆಂದು ಕೇಳಿದರೆ ಹೇಳುತ್ತೀರಿ. ಲ್ಯಾಬಿನಲ್ಲಿ ಮ್ಯಾನ್ಯುಯಲ್ ಮುಚ್ಚಿಟ್ಟರೆ ಯಾವ ಕ್ಲಾಸ್ ಬರೆಯಬೇಕು ಅಂತಲೇ ಗೊತ್ತಾಗುವುದಿಲ್ಲ. ಇದು ಇಂಗ್ಲಿಷ್ ಬಾರದ ಸಮಸ್ಯೆಯಾ, ತಲೆಗೆ ಹತ್ತದ ಸಮಸ್ಯೆಯಾ?

ಎರಡೂ ಅಲ್ಲ ಅನ್ನಿಸುತ್ತದೆ. ನಾನೂ ಹಾಸನದಲ್ಲೇ ಓದಿದವನು, ಊರು ಮೂಡಿಗೆರೆ ಕಡೆ. ಒಂದಿಡೀ ಸೆಮಿಸ್ಟರ್ ನಿಮ್ಮ ಹಾಗೇ ಕಳೆದೆ. ಕ್ಲಾಸ್ ಅಂದರೆ ಅಚ್ಚು, ಆ ಅಚ್ಚಿನಿಂದ ತೆಗೆದದ್ದು ಆಬ್ಜೆಕ್ಟ್ ಅಂದರು. ಪ್ರಾಣಿ ಅಂತ ಒಂದು ಕ್ಲಾಸ್, ಅದರ ಕೆಳಗೆ ನಾಯಿ, ಬೆಕ್ಕು. ನಾಯಿ ಬೊಗಳುತ್ತದೆ, ಬೆಕ್ಕು ಮಿಯಾಂವ್ ಅನ್ನುತ್ತದೆ. ಪಾಠ ಮುಗಿಯಿತು. ನಾಯಿಯನ್ನು ಬೊಗಳಿಸಿ ಯಾರಿಗೆ ಏನಾಗಬೇಕಿತ್ತು ಅಂತ ಮಾತ್ರ ತಿಳಿಯಲಿಲ್ಲ.

ತಿಳಿದದ್ದು ಮನೆಯ ಕೂಲಿ ಲೆಕ್ಕ ಕೆಡಿಸಿದ ಮೇಲೆ.

ನಮ್ಮದು ಸಣ್ಣ ಅರೇಬಿಕಾ ತೋಟ. ಕುಯ್ಲಿನ ಸಮಯದಲ್ಲಿ ಸಂಜೆ ಹಣ್ಣು ತೂಗಿ, ಯಾರು ಎಷ್ಟು ಕೆಜಿ ಕುಯ್ದರು ಅಂತ ಅಪ್ಪ ನೋಟ್‌ಬುಕ್ಕಿನಲ್ಲಿ ಬರೆಯುತ್ತಿದ್ದರು. ಪಕ್ಕದಲ್ಲಿ ಅಡ್ವಾನ್ಸ್ ಲೆಕ್ಕ. ರಜೆಗೆ ಹೋದವನು ಇದನ್ನು ಕಂಪ್ಯೂಟರಿನಲ್ಲಿ ಮಾಡಿಕೊಡುತ್ತೇನೆ ಅಂತ ಜಂಭದಿಂದ ಕೂತೆ. ಊಪ್ಸ್ ಕಲಿಸುವ ಜಾವಾ ಭಾಷೆಯ ಪರೀಕ್ಷೆ ಬರೆದು ಬಂದಿದ್ದರೂ ಧೈರ್ಯ ಇದ್ದದ್ದು ಸಿ ಭಾಷೆಯಲ್ಲಿ ಮಾತ್ರ. ಮೂರು ಅರೇ, ಅಂದರೆ ಸಾಲು ಪಟ್ಟಿ, ಮಾಡಿದೆ: ಒಂದರಲ್ಲಿ ಹೆಸರು, ಇನ್ನೊಂದರಲ್ಲಿ ಕೆಜಿ, ಮತ್ತೊಂದರಲ್ಲಿ ಅಡ್ವಾನ್ಸ್. ಚೆನ್ನಾಗಿಯೇ ನಡೆಯಿತು. ಶನಿವಾರ ಬಟವಾಡೆಗೆ ಮುಂಚೆ ಅಪ್ಪ, ಹೆಸರು ಹುಡುಕಲು ಕಷ್ಟ, ಅ ಆ ಇ ಈ ಪ್ರಕಾರ ಹಾಕು ಅಂದರು. ಹಾಕಿದೆ. ಹೆಸರಿನ ಅರೇ ಮಾತ್ರ ಸಾರ್ಟ್ ಆಯಿತು. ಕೆಜಿ, ಅಡ್ವಾನ್ಸ್ ಇದ್ದಲ್ಲೇ ಇದ್ದವು.

ಪಟ್ಟಿ ಅಚ್ಚುಕಟ್ಟಾಗಿ ಪ್ರಿಂಟ್ ಆಗಿತ್ತು. ಅಪ್ಪನಿಗೂ ಅನುಮಾನ ಬರಲಿಲ್ಲ. ಕಂಡುಹಿಡಿದದ್ದು ಮೊದಲು ದುಡ್ಡು ತೆಗೆದುಕೊಳ್ಳಲು ಬಂದ ಹೆಂಗಸು. ‘ಇದು ನನ್ ಲೆಕ್ಕ ಅಲ್ಲ ಅಯ್ಯಾ’ ಅಂದರು. ವಾರದ ಆರೂ ದಿನದ ಕೆಜಿ ಅವರ ಬಾಯಲ್ಲೇ ಇತ್ತು. ಆವತ್ತು ಬಟವಾಡೆ ನೋಟ್‌ಬುಕ್ ನೋಡಿಯೇ ಆಯಿತು.

ನಾನು ಮಾಡಿದ್ದು ಏನು ಗೊತ್ತಾ? ಒಬ್ಬ ಮನುಷ್ಯನನ್ನು ಮೂರು ತುಂಡು ಮಾಡಿ ಮೂರು ಡಬ್ಬಿಯಲ್ಲಿ ಇಟ್ಟಿದ್ದೆ. ಹೆಸರು, ಕೆಜಿ, ಅಡ್ವಾನ್ಸ್ ಮೂರೂ ಒಟ್ಟಿಗೇ ಇದ್ದು, ಎಲ್ಲಿಗೆ ಹೋದರೂ ಒಟ್ಟಿಗೇ ಹೋಗಬೇಕಿತ್ತು. ಅದೇ ಆಬ್ಜೆಕ್ಟ್. ಹೀಗೆ ಒಟ್ಟಿಗೆ ಕಟ್ಟಿಡಲು ಸಿ ಭಾಷೆಯಲ್ಲಿರುವ ಸ್ಟ್ರಕ್ಚರ್ ಬಳಸಿದ್ದರೂ ಈ ತಪ್ಪು ಆಗುತ್ತಿರಲಿಲ್ಲ, ಅದು ನಿಜ. ಕ್ಲಾಸ್ ಯಾಕೆ ಬೇಕು ಅಂತ ಗೊತ್ತಾದದ್ದು ಎರಡನೇ ಎಡವಟ್ಟಿನಲ್ಲಿ.

ಅಡ್ವಾನ್ಸನ್ನು ನನ್ನ ಪ್ರೋಗ್ರಾಂ ಮೂರು ಕಡೆ ಬದಲಾಯಿಸುತ್ತಿತ್ತು. ಕೊಡುವಾಗ ಒಂದು ಕಡೆ, ಶನಿವಾರ ಹಿಡಿಯುವಾಗ ಒಂದು ಕಡೆ, ತಪ್ಪು ತಿದ್ದುವಾಗ ಇನ್ನೊಂದು ಕಡೆ. ಒಬ್ಬರಿಗೆ ಅದು ಮೈನಸ್ 300 ತೋರಿಸಿತು. ಯಾವ ಸಾಲು ಹಾಗೆ ಮಾಡಿತು ಅಂತ ಹುಡುಕಲು ಅರ್ಧ ರಾತ್ರಿ ಬೇಕಾಯಿತು. ದೊಡ್ಡ ಎಸ್ಟೇಟುಗಳಲ್ಲಿ ರೈಟರು ಅಂತ ಇರುತ್ತಾರಲ್ವಾ? ಚೆಕ್ ರೋಲ್, ಅಂದರೆ ಹಾಜರಿ ಮತ್ತು ಕೂಲಿಯ ಪುಸ್ತಕ, ಅವರ ಕೈಯಲ್ಲಿರುತ್ತದೆ. ಮೇಸ್ತ್ರಿ ಬಂದು ಹೇಳಬಹುದು, ಮಾಲೀಕರೂ ಹೇಳಬಹುದು, ಪುಸ್ತಕದಲ್ಲಿ ಬರೆಯುವುದು ಮಾತ್ರ ರೈಟರು. ಲೆಕ್ಕ ತಪ್ಪಿದರೆ ಯಾರನ್ನು ಕೇಳಬೇಕು ಅಂತ ಎಲ್ಲರಿಗೂ ಗೊತ್ತು. ಪ್ರೈವೇಟ್ ಅಂದರೆ ಇದೇ. ಎನ್‌ಕ್ಯಾಪ್ಸುಲೇಷನ್ ಅನ್ನುವ ಉದ್ದದ ಪದದ ಒಳಗೆ ಇರುವುದು ಒಬ್ಬ ರೈಟರು.

ಇಲ್ಲೊಂದು ಜಗಳ ನನಗೆ ಇದೆ. ಎಲ್ಲ ಫೀಲ್ಡನ್ನೂ (ಆಬ್ಜೆಕ್ಟಿನ ಒಳಗಿನ ಹೆಸರು, ಕೆಜಿಯಂಥ ವಿವರ) ಪ್ರೈವೇಟ್ ಮಾಡಿ, ಪ್ರತಿಯೊಂದಕ್ಕೂ ಹೊರಗಿನಿಂದ ಓದಲು ಗೆಟರ್, ಬದಲಾಯಿಸಲು ಸೆಟರ್ ಬರೆಯಿರಿ ಅಂತ ಕಲಿಸುತ್ತಾರೆ. ಅದು ಪುಸ್ತಕವನ್ನು ಬೀರುವಿನಲ್ಲಿಟ್ಟು ಬೀಗದ ಕೈ ಬೀರುವಿಗೇ ನೇತುಹಾಕಿದ ಹಾಗೆ. ಅಡ್ವಾನ್ಸಿಗೆ ಸೆಟರ್ ಬೇಡ. ‘ಅಡ್ವಾನ್ಸ್ ಕೊಡು’ ಅಂತ ಒಂದು ಮೆಥಡ್ (ಆಬ್ಜೆಕ್ಟ್ ಮಾಡುವ ಕೆಲಸ), ‘ಬಟವಾಡೆ ಮಾಡು’ ಅಂತ ಒಂದು ಮೆಥಡ್ ಇರಲಿ. ಬಾಕಿಗಿಂತ ಜಾಸ್ತಿ ಹಿಡಿಯಬಾರದು ಅನ್ನುವ ನಿಯಮ ಆ ಮೆಥಡ್ಡಿನ ಒಳಗೇ ಇರಲಿ.

ಆಬ್ಜೆಕ್ಟ್ ಅನ್ನುವ ಯೋಚನೆ ಹುಟ್ಟಿದ್ದೂ ಇಂಥ ಕೆಲಸದಲ್ಲೇ. ನಾರ್ವೆಯ ಓಲೆ ಯೋಹಾನ್ ಡಾಲ್ ಮತ್ತು ಕ್ರಿಸ್ಟನ್ ನೀಗಾರ್ಡ್ ಸಿಮ್ಯುಲೇಷನ್ ಬರೆಯಲು ಭಾಷೆ ಮಾಡುತ್ತಿದ್ದರು, ಅಂದರೆ ಹೊರಗೆ ನಡೆಯುವುದನ್ನು ಕಂಪ್ಯೂಟರಿನಲ್ಲಿ ನಡೆಸಿ ನೋಡುವುದು. ಕ್ಲಾಸ್, ಆಬ್ಜೆಕ್ಟ್, ಇನ್‌ಹೆರಿಟೆನ್ಸ್ ಬಂದದ್ದು ಅವರ ಸಿಮುಲಾ 67ರಿಂದ. ‘ಆಬ್ಜೆಕ್ಟ್ ಓರಿಯೆಂಟೆಡ್’ ಅನ್ನುವ ಹೆಸರು ಕೊಟ್ಟದ್ದು ಆಮೇಲೆ ಸ್ಮಾಲ್‌ಟಾಕ್ ಮಾಡಿದ ಅಲನ್ ಕೇ. ಅವರ ಪ್ರಕಾರ ಮುಖ್ಯವಾದದ್ದು ಆಬ್ಜೆಕ್ಟುಗಳು ಒಂದಕ್ಕೊಂದು ಕಳಿಸುವ ಸಂದೇಶ. ಮೇಸ್ತ್ರಿ ರೈಟರಿಗೆ ಹೇಳುವುದು, ಅಷ್ಟೇ.

ಇನ್ನು ಇನ್‌ಹೆರಿಟೆನ್ಸ್, ಅಂದರೆ ಮೇಲಿನ ಕ್ಲಾಸಿನಲ್ಲಿ ಇರುವುದು ಕೆಳಗಿನ ಕ್ಲಾಸಿಗೂ ಬರುವುದು. ನಾನು ಜಾಸ್ತಿ ಪೆಟ್ಟು ತಿಂದದ್ದು ಇಲ್ಲಿ. ಜಾವಾದಲ್ಲಿ ಮತ್ತೆ ಬರೆಯುವಾಗ ಪುಸ್ತಕದಲ್ಲಿ ಇದ್ದ ಹಾಗೇ ‘ಕೆಲಸಗಾರ’ ಅಂತ ತಾಯಿ ಕ್ಲಾಸ್ ಮಾಡಿ, ಅದರ ಕೆಳಗೆ ‘ಕೆಜಿ ಕೆಲಸಗಾರ’, ‘ದಿನಗೂಲಿ ಕೆಲಸಗಾರ’ ಅಂತ ಎರಡು ಮಾಡಿದೆ. ನೋಡಲು ಬಹಳ ಚಂದ ಇತ್ತು. ಆಮೇಲೆ ಕುಯ್ಲು ಮುಗಿದು ಕಪಾತು, ಅಂದರೆ ಗಿಡದ ರೆಂಬೆ ಸವರುವ ಕೆಲಸ, ಶುರುವಾಯಿತು. ಕಪಾತಿಗೆ ಕೆಜಿ ಲೆಕ್ಕ ಎಲ್ಲಿಂದ ಬರಬೇಕು? ದಿನಗೂಲಿ. ಕೆಲಸ ಮಾಡುವವರು ಮಾತ್ರ ಅದೇ ಜನ! ಜಾವಾದಲ್ಲಿ ಒಮ್ಮೆ ಹುಟ್ಟಿದ ಆಬ್ಜೆಕ್ಟ್ ತನ್ನ ಕ್ಲಾಸ್ ಬದಲಾಯಿಸುವುದಿಲ್ಲ. ಹಳೆಯ ಆಬ್ಜೆಕ್ಟ್ ಬಿಟ್ಟು ಹೊಸದು ಮಾಡಿದರೆ ಅಡ್ವಾನ್ಸ್ ಬಾಕಿ ಹಳೆಯದರ ಜೊತೆಗೇ ಹೋಗುತ್ತದೆ.

ಕೊನೆಗೆ ಹೊಳೆದದ್ದು: ಬದಲಾಗುವುದು ಮನುಷ್ಯ ಅಲ್ಲ, ಕೂಲಿ ಎಣಿಸುವ ರೀತಿ. ಹಾಗಾಗಿ ಕೆಲಸಗಾರ ಒಂದೇ ಕ್ಲಾಸ್. ‘ಕೂಲಿ ಲೆಕ್ಕ’ ಅಂತ ಒಂದು ಇಂಟರ್‌ಫೇಸ್ (ಯಾವ ಮೆಥಡ್ ಇರಬೇಕು ಅಂತ ಮಾತ್ರ ಹೇಳುವ ಕರಾರು), ಅದರಲ್ಲಿ ‘ಎಷ್ಟಾಯಿತು’ ಅಂತ ಒಂದೇ ಮೆಥಡ್. ಅದನ್ನು ಇಂಪ್ಲಿಮೆಂಟ್ ಮಾಡುವ ಎರಡು ಸಣ್ಣ ಕ್ಲಾಸ್, ಒಂದು ಕೆಜಿಗೆ, ಒಂದು ದಿನಕ್ಕೆ. ಪ್ರತಿ ಕೆಲಸಗಾರನ ಒಳಗೆ ಒಂದು ಕೂಲಿ ಲೆಕ್ಕ ಇರುತ್ತದೆ, ಕಪಾತು ಶುರುವಾದ ದಿನ ಅದನ್ನು ಬದಲಾಯಿಸಿದರೆ ಆಯಿತು. ಬಟವಾಡೆ ಮಾಡುವ ಕೋಡು ಯಾರನ್ನೂ ನೀನು ಕೆಜಿನಾ ದಿನಗೂಲಿನಾ ಅಂತ ಕೇಳುವುದಿಲ್ಲ. ಎಷ್ಟಾಯಿತು ಅಂತ ಕೇಳುತ್ತದೆ, ಅವರವರ ಲೆಕ್ಕ ಅವರವರು ಹೇಳುತ್ತಾರೆ. ಪಾಲಿಮಾರ್ಫಿಸಂ ಅಂದರೆ ಇದು. ಮುಂದೆ ಮೆಣಸು ಕುಯ್ಯಲು ಗುತ್ತಿಗೆ ಕೊಟ್ಟಾಗ ಮೂರನೇ ಸಣ್ಣ ಕ್ಲಾಸ್ ಸೇರಿಸಿದೆ. ಹಳೆಯ ಬಟವಾಡೆ ಕೋಡಿನ ಒಂದು ಸಾಲನ್ನೂ ಮುಟ್ಟಲಿಲ್ಲ. ಆವತ್ತು ಆದ ಖುಷಿ ರ‍್ಯಾಂಕ್ ಬಂದಿದ್ದರೂ ಆಗುತ್ತಿರಲಿಲ್ಲ ಬಿಡಿ, ರ‍್ಯಾಂಕ್ ಬರುವ ಪೈಕಿಯೂ ನಾನಲ್ಲ.

ನೀವು ತೋಟದ ಲೆಕ್ಕವನ್ನೇ ಮಾಡಬೇಕಿಲ್ಲ. ಹಾಸ್ಟೆಲ್ ಮೆಸ್ ಬಿಲ್ ಆಗಬಹುದು, ಮನೆಯವರು ಡೇರಿಗೆ ಹಾಕುವ ಹಾಲಿನ ಲೆಕ್ಕ ಆಗಬಹುದು. ನಿಮಗೆ ಒಳಹೊರಗು ಗೊತ್ತಿರುವುದು ಆಗಿರಬೇಕು, ಅಷ್ಟೇ. ಮೊದಲು ಕ್ಲಾಸ್ ಯಾವುದೂ ಇಲ್ಲದೆ, ಬಂದ ಹಾಗೆ ಬರೆಯಿರಿ. ಆಮೇಲೆ ಏನಾದರೂ ಬದಲಾಯಿಸಿ: ರೇಟು ಬದಲಾಯಿತು, ಒಬ್ಬರು ಅರ್ಧ ತಿಂಗಳು ರಜೆ ಹೋದರು, ಹೀಗೆ. ಒಂದು ಬದಲಾವಣೆಗೆ ನಾಲ್ಕು ಕಡೆ ತಿದ್ದಬೇಕಾಗಿ ಬಂತಾ? ಆ ನಾಲ್ಕೂ ಒಂದು ಕ್ಲಾಸಿನ ಒಳಗೆ ಸೇರಬೇಕಾದವು ಅಂತ ಅನುಮಾನ ಪಡಿ.

ಇಂಗ್ಲಿಷ್ ವಿಷಯಕ್ಕೆ ಒಂದು ಮಾತು. ಜಾವಾದಲ್ಲಿ ಕ್ಲಾಸ್, ಮೆಥಡ್, ವೇರಿಯಬಲ್ ಹೆಸರನ್ನು ಕನ್ನಡ ಲಿಪಿಯಲ್ಲೇ ಇಡಬಹುದು, ನಾವು ಬರೆದದ್ದನ್ನು ಯಂತ್ರಕ್ಕೆ ಅನುವಾದಿಸುವ ಕಂಪೈಲರ್ ತಕರಾರು ಮಾಡುವುದಿಲ್ಲ. ಫೈಲ್ ಯುಟಿಎಫ್-8ರಲ್ಲಿ (ಕನ್ನಡ ಅಕ್ಷರವನ್ನೂ ಉಳಿಸುವ ಸಂಕೇತ ಪದ್ಧತಿ) ಸೇವ್ ಆಗಿದ್ದು, ಕಂಪೈಲರ್ ಅದನ್ನು ಹಾಗೇ ಓದಬೇಕು. ನಾನು ‘ಬಾಕಿ’, ‘ಬಟವಾಡೆ’ ಅಂತಲೇ ಬರೆದೆ, ಯೋಚನೆ ಸಲೀಸಾಯಿತು. ಲ್ಯಾಬ್ ಪರೀಕ್ಷೆಯಲ್ಲಿ ಈ ಸಾಹಸ ಬೇಡ.

ಇನ್ನೊಂದು. ಸ್ಟ್ಯಾಟಿಕ್ ಅಂದರೆ ಆಬ್ಜೆಕ್ಟ್ ಮಾಡದೆಯೂ ಕರೆಯಬಹುದಾದದ್ದು. ನಾನ್-ಸ್ಟ್ಯಾಟಿಕ್ ಮೆಥಡ್ಡನ್ನು ಸ್ಟ್ಯಾಟಿಕ್ ಕಡೆಯಿಂದ ಕರೆಯಲು ಆಗಲ್ಲ ಅಂತ ಎರರ್ ಬರುತ್ತದಲ್ಲ, ಆಗ ಸುಮ್ನೆ ಎಲ್ಲದಕ್ಕೂ ಸ್ಟ್ಯಾಟಿಕ್ ಅಂಟಿಸಬೇಡಿ. ನಾವೆಲ್ಲ ಅದನ್ನೇ ಮಾಡಿದ್ದು. ಎರರ್ ಹೋಗುತ್ತದೆ, ಜೊತೆಗೆ ಆಬ್ಜೆಕ್ಟೂ ಹೋಗುತ್ತದೆ, ನೀವು ಜಾವಾದಲ್ಲಿ ಸಿ ಬರೆಯುತ್ತಿರುತ್ತೀರಿ. ಪ್ರೋಗ್ರಾಂ ಶುರುವಾಗುವ ಮೇನ್ ಮೆಥಡ್ ಒಳಗೆ ನ್ಯೂ ಅಂತ ಹಾಕಿ ಒಂದು ಆಬ್ಜೆಕ್ಟ್ ಮಾಡಿ, ಅದರ ಮೂಲಕ ಕರೆಯಿರಿ.

ಬಾಯಿಪಾಠ ಮಾಡಿದ ಡೆಫಿನಿಷನ್ ವ್ಯರ್ಥವಲ್ಲ, ಮಾರ್ಕ್ಸ್ ಅದಕ್ಕೂ ಇದೆ. ವೈವಾಕ್ಕೆ ಹೋಗುವಾಗ ಓವರ್‌ಲೋಡಿಂಗಿಗೂ (ಒಂದೇ ಹೆಸರಿನ, ಬೇರೆ ಬೇರೆ ಪ್ಯಾರಾಮೀಟರಿನ ಮೆಥಡ್) ಓವರ್‌ರೈಡಿಂಗಿಗೂ (ತಾಯಿ ಕ್ಲಾಸಿನ ಮೆಥಡ್ಡನ್ನು ಕೆಳಗಿನ ಕ್ಲಾಸ್ ಮತ್ತೆ ಬರೆಯುವುದು) ಇರುವ ವ್ಯತ್ಯಾಸ ಇನ್ನೊಮ್ಮೆ ಓದಿಕೊಂಡು ಹೋಗಿ. ನಮ್ಮ ಬ್ಯಾಚಿನಲ್ಲಿ ಅದೊಂದನ್ನು ಯಾರಿಗೂ ಕೇಳದೆ ಬಿಟ್ಟಿರಲಿಲ್ಲ.