ಬ್ರೋಮಿನ್ ತುದಿಗೆ ಹೋಗಿದ್ದು ಹೇಗೆ?

ಪ್ರಶ್ನೆ: 4-ಆಕ್ಟೀನ್‌ಗೆ ಶ್ವಾರ್ಟ್ಜ್ ರೀಏಜೆಂಟ್ ಸೇರಿಸಿ, ಆಮೇಲೆ ಬ್ರೋಮಿನ್ ಹಾಕಿದರೆ 1-ಬ್ರೋಮೋಆಕ್ಟೇನ್ ಬರುತ್ತದೆ ಎಂದು ನಮ್ಮ ನೋಟ್ಸ್‌ನಲ್ಲಿದೆ. ಡಬಲ್ ಬಾಂಡ್ ಇರುವುದು ಎಂಟು ಕಾರ್ಬನ್ ಸರಪಳಿಯ ನಡುವೆ, 4 ಮತ್ತು 5ನೇ ಕಾರ್ಬನ್‌ಗಳ ಮಧ್ಯೆ. ಬ್ರೋಮಿನ್ ತುದಿಗೆ ಹೇಗೆ ಹೋಯಿತು? ನೋಟ್ಸ್ ತಪ್ಪಾ ಸರ್?
– ಎಂ.ಎಸ್ಸಿ. ವಿದ್ಯಾರ್ಥಿನಿ, ಧಾರವಾಡ

ಉತ್ತರ: ತಪ್ಪಿಲ್ಲಮ್ಮ. ಬ್ರೋಮಿನ್ ಎಲ್ಲಿಗೂ ಓಡಾಡಲಿಲ್ಲ. ಅದು ಬರುವ ಮೊದಲೇ ಶ್ವಾರ್ಟ್ಜ್ ರೀಏಜೆಂಟ್‌ನಲ್ಲಿರುವ ಲೋಹ, ಜಿರ್ಕೋನಿಯಂ, ತುದಿಗೆ ಹೋಗಿ ಕೂತಿತ್ತು. ಬ್ರೋಮಿನ್ ಬಂದು ಆ ಜಾಗವನ್ನೇ ಹಿಡಿಯಿತು.

ಈ ರೀಏಜೆಂಟ್‌ನಲ್ಲಿ ಜಿರ್ಕೋನಿಯಂಗೆ ಐದೈದು ಕಾರ್ಬನ್‌ಗಳ ಎರಡು ಸೈಕ್ಲೋಪೆಂಟಾಡೈಯೀನೈಲ್ ಉಂಗುರ, ಒಂದು ಕ್ಲೋರಿನ್, ಒಂದು ಹೈಡ್ರೋಜನ್ ಅಂಟಿಕೊಂಡಿವೆ. ಡಬಲ್ ಬಾಂಡಿನ ಒಂದು ಕಾರ್ಬನ್‌ಗೆ ಹೈಡ್ರೋಜನ್, ಇನ್ನೊಂದಕ್ಕೆ ಲೋಹ ಸೇರುತ್ತದೆ. ಲೋಹ ಈಗ 4ನೇ ಕಾರ್ಬನ್ ಮೇಲಿದೆ. ಆದರೆ ಅಲ್ಲಿ ಜಾಗ ಸಾಲದು. ಸಿಟಿ ಬಸ್ಸಿನಲ್ಲಿ ಎರಡು ದೊಡ್ಡ ಬ್ಯಾಗ್ ಹಿಡಿದವರು ನಡುವೆ ನಿಲ್ಲಲಾರದೆ ಬಾಗಿಲ ಕಡೆ ಸರಿಯುತ್ತಾರಲ್ಲ, ಹಾಗೆ ಇದೂ ಸರಿಯುತ್ತದೆ.

ಹೇಗೆ ಅಂದರೆ, ಪಕ್ಕದ ಕಾರ್ಬನ್‌ನಿಂದ ಒಂದು ಹೈಡ್ರೋಜನ್ ಅನ್ನು ಲೋಹ ಎಳೆದುಕೊಳ್ಳುತ್ತದೆ. ಆಗ ಡಬಲ್ ಬಾಂಡ್ ಮತ್ತೆ ಹುಟ್ಟುತ್ತದೆ, 3 ಮತ್ತು 4ರ ನಡುವೆ. ಹೈಡ್ರೋಜನ್ 4ಕ್ಕೆ ಹೋದರೆ ಲೋಹ 3ಕ್ಕೆ. ಹೀಗೇ 2, ಆಮೇಲೆ 1. ತುದಿಯಲ್ಲಿ ಇಕ್ಕಟ್ಟು ಕಡಿಮೆ, ಅಲ್ಲೇ ನಿಲ್ಲುತ್ತದೆ. ಈ ಜಿರ್ಕೋನಿಯಂ ಬಳಿ ಒಂದೂ ಡಿ ಎಲೆಕ್ಟ್ರಾನ್ ಇಲ್ಲದಿರುವುದರಿಂದ ಆಲ್ಕೀನನ್ನು, ಅಂದರೆ ಡಬಲ್ ಬಾಂಡ್ ಇರುವ ಅಣುವನ್ನು, ಗಟ್ಟಿಯಾಗಿ ಹಿಡಿದಿಡಲು ಅದಕ್ಕೆ ಆಗದು. ಒಂದೇ ಬಾಂಡಿನಿಂದ ಕಾರ್ಬನ್‌ಗೆ ಅಂಟಿದ ಆಲ್ಕೈಲ್ ಆಗಿರುವುದೇ ಅದಕ್ಕೆ ಹಿತ.

1974ರಲ್ಲಿ ಪ್ರಿನ್ಸ್‌ಟನ್‌ನಲ್ಲಿ ಹಾರ್ಟ್ ಮತ್ತು ಶ್ವಾರ್ಟ್ಜ್ ತೋರಿಸಿದ್ದು ಇದನ್ನೇ. 1-ಆಕ್ಟೀನ್, ಸಿಸ್-4-ಆಕ್ಟೀನ್, ಟ್ರಾನ್ಸ್-4-ಆಕ್ಟೀನ್ ಮೂರರಿಂದಲೂ ಒಂದೇ ಆಕ್ಟೈಲ್ ಜಿರ್ಕೋನಿಯಂ ಸಿಕ್ಕಿತು. ಅಂದಹಾಗೆ, ಈ ರೀಏಜೆಂಟನ್ನು ಮೊದಲು ಮಾಡಿದವರು ಆಸ್ಟ್ರೇಲಿಯಾದ ವೇಲ್ಸ್ ಮತ್ತು ವೈಗೋಲ್ಡ್. ಹೆಸರು ಮಾತ್ರ ಬಳಸಿ ತೋರಿಸಿದವರಿಗೆ ಹೋಯಿತು. ನಮ್ಮ ರಸಾಯನಶಾಸ್ತ್ರದಲ್ಲಿ ಇದು ಮಾಮೂಲು.

ಸೈಕ್ಲೋಹೆಕ್ಸೀನ್ ಕೊಟ್ಟರೆ? ಉಂಗುರಕ್ಕೆ ತುದಿ ಎಲ್ಲಿದೆ, ಲೋಹ ಉಂಗುರದಲ್ಲೇ ಉಳಿಯುತ್ತದೆ. 1-ಮೀಥೈಲ್‌ಸೈಕ್ಲೋಹೆಕ್ಸೀನ್ ಕೊಡಿ, ಹೊರಗಿನ ಮೀಥೈಲ್ ಕಾರ್ಬನ್‌ಗೆ ಹೋಗುತ್ತದೆ. ಪರೀಕ್ಷೆಯಲ್ಲಿ ಕೇಳುವಂಥ ಪ್ರಶ್ನೆ ಇದು, ನಾನೇ ಕೇಳಿದ್ದೇನೆ.

ಮುಂದೆ ಲ್ಯಾಬಿನಲ್ಲಿ ಮಾಡುವ ಅವಕಾಶ ಸಿಕ್ಕರೆ ಕಣ್ಣು ಫ್ಲಾಸ್ಕ್ ಮೇಲಿರಲಿ. ಈ ರೀಏಜೆಂಟ್ ಒಂದು ಬಿಳಿ ಪುಡಿ, ಅದರ ಅಣುಗಳು ಹೈಡ್ರೈಡ್ ಸೇತುವೆಗಳಿಂದ ಒಂದಕ್ಕೊಂದು ಕೊಂಡಿ ಹಾಕಿಕೊಂಡಿರುತ್ತವೆ. ಹಾಗಾಗಿ ಮಾಮೂಲಿ ದ್ರಾವಕಗಳಲ್ಲಿ ಕರಗುವುದೇ ಇಲ್ಲ, ಮಡ್ಡಿಯಂತೆ ಕೂತಿರುತ್ತದೆ. ಆಲ್ಕೀನ್ ಜೊತೆ ಸೇರುತ್ತಾ ಬಂದ ಹಾಗೆ ಮಡ್ಡಿ ಕರಗಿ ತಿಳಿಯಾಗುತ್ತದೆ. ಗಡಿಯಾರಕ್ಕಿಂತ ನನಗೆ ಆ ಗುರುತಿನ ಮೇಲೇ ನಂಬಿಕೆ ಜಾಸ್ತಿ. ಬಾಟಲಿಗೆ ಫಾಯಿಲ್ ಸುತ್ತಿ, ಆರ್ಗಾನ್ ಕೆಳಗೇ ಇಡಿ. ಬೆಳಕು ಮತ್ತು ತೇವ ಎರಡೂ ಇದಕ್ಕೆ ಆಗದು.

ಹಾಗಂತ 1-ಬ್ರೋಮೋಆಕ್ಟೇನ್ ಬೇಕಾದರೆ ಯಾರೂ ಈ ದಾರಿ ಹಿಡಿಯುವುದಿಲ್ಲ. 193 ಗ್ರಾಂ ಬ್ರೋಮೈಡ್‌ಗೆ 258 ಗ್ರಾಂ ರೀಏಜೆಂಟ್ ಸುರಿಯಬೇಕು, ಆಕ್ಟನಾಲ್‌ನಿಂದ ಅಗ್ಗವಾಗಿ ಆಗುವ ಕೆಲಸಕ್ಕೆ! ಟ್ರಿಪಲ್ ಬಾಂಡ್ ಇರುವ ಆಲ್ಕೈನ್‌ಗಳಿಂದ ವಿನೈಲ್ ಜಿರ್ಕೋನಿಯಂ ಮಾಡುವಾಗ, ಅಮೈಡ್‌ನಿಂದ ಆಲ್ಡಿಹೈಡ್ ಪಡೆಯುವಾಗ ಕೊಟ್ಟ ದುಡ್ಡು ದಕ್ಕುತ್ತದೆ.

ಉತ್ತರ ಬರೆಯುವಾಗ ಜಿರ್ಕೋನಿಯಂ ಸರಿಯುವ ಪ್ರತಿ ಹಂತಕ್ಕೂ ಎರಡೂ ಕಡೆಯ ಬಾಣ ಹಾಕಿ. ಬ್ರೋಮಿನ್ ಬಂದ ಹಂತಕ್ಕೆ ಮಾತ್ರ ಒಂದೇ ಬಾಣ, ಅಲ್ಲಿಂದ ವಾಪಸ್ ಬರುವುದಿಲ್ಲ.