ಆಟಕ್ಕುಂಟು, ಲೆಕ್ಕಕ್ಕಿಲ್ಲ?

ಚಿಕ್ಕಮಗಳೂರಿನ ಜಯನಗರದಿಂದ ಓದುಗರೊಬ್ಬರು ಬರೆದಿದ್ದಾರೆ. ಹೆಸರು ಬೇಡ ಎಂದಿದ್ದಾರೆ, ಹಾಕಿಲ್ಲ. ಪತ್ರವನ್ನು ಸ್ವಲ್ಪ ಚಿಕ್ಕದು ಮಾಡಿದ್ದೇನೆ:

‘ಸರ್, ಪ್ರತಿ ಭಾನುವಾರ ಮಧ್ಯಾಹ್ನ ನಾವು ನಾಲ್ವರು ಗೆಳೆಯರು ನಮ್ಮ ಮನೆ ಮಹಡಿಯಲ್ಲಿ ಸೇರಿ ಕಟಾನ್ ಎಂಬ ಬೋರ್ಡ್ ಗೇಮ್ ಆಡುತ್ತೇವೆ. ಸುಮ್ನೆ ಖುಷಿಗೆ ಶುರುವಾಗಿದ್ದು. ಆದರೆ ಒಬ್ಬ ಗೆಳೆಯ ಗೆಲ್ಲಲೇಬೇಕು ಅಂತ ಆಡುತ್ತಾನೆ. ಯಾವಾಗಲೂ 6, 8 ಇರುವ ಜಾಗವನ್ನೇ ಹಿಡಿಯುತ್ತಾನೆ. ಹೋದ ತಿಂಗಳು ನನಗೆ 8 ಅಂಕ ಆಗಿತ್ತು. ‘ಇವನಿಗೆ ಯಾರೂ ಇಟ್ಟಿಗೆ ಕೊಡಬೇಡಿ’ ಎಂದು ಉಳಿದಿಬ್ಬರಿಗೂ ಹೇಳಿಕೊಟ್ಟ. ನಾನು ಸ್ವಲ್ಪ ಜೋರಾಗಿ ಎದ್ದೆ, ಕಾಯಿಗಳು ಚೆಲ್ಲಿಹೋದವು. ಮೂರು ವಾರದಿಂದ ಅವನು ಬರುತ್ತಿಲ್ಲ. ಇನ್ನು ಮುಂದೆ ಅಂಕ ಲೆಕ್ಕ ಇಡುವುದೇ ಬೇಡ ಅಂದುಕೊಂಡಿದ್ದೇನೆ. ಆಟ ಅಂದಮೇಲೆ ಖುಷಿ ಮುಖ್ಯ ಅಲ್ವಾ?’

ಪ್ರಿಯ ಓದುಗರೇ,

‘ಸ್ವಲ್ಪ ಜೋರಾಗಿ ಎದ್ದೆ’ ಎಂಬ ಮಾತನ್ನು ಮೂರು ಸಲ ಓದಿದೆ. ಎಷ್ಟು ಚೆನ್ನಾಗಿ ಬರೆದಿದ್ದೀರಿ! ಮಣೆ ಎತ್ತಿ ಹಾಕಿದೆ ಅನ್ನುವುದನ್ನು ಇದಕ್ಕಿಂತ ನಯವಾಗಿ ಹೇಳುವುದು ಕಷ್ಟ.

ಮೊದಲು ನಿಮ್ಮ ಪರವಾಗಿ ಒಂದು ಮಾತು. ಗೆದ್ದ ಮೇಲೆ ಅಣಕಿಸುವವರು, ಆಟ ಮುಗಿದು ಕಾಫಿ ಬಂದರೂ ‘ಅಲ್ಲಿ ನೀನು ರಸ್ತೆ ಹಾಕಬೇಕಿತ್ತು’ ಎಂದು ಪಾಠ ಹೇಳುವವರು ನನಗೂ ಆಗುವುದಿಲ್ಲ. ಹೊಸಬರು ಬಂದಾಗ ಒಂದು ಸುತ್ತು ಕಲಿಸುವುದಕ್ಕೇ ಬಿಡಬೇಕು, ಅದೂ ಸರಿ. ಇಷ್ಟಕ್ಕೆ ನಿಮ್ಮ ಪರವಾದ ಮಾತು ಮುಗಿಯಿತು.

ಈ ಕಟಾನ್ ನನಗೂ ಗೊತ್ತು. ಅಕ್ಕನ ಮಗ ಬೆಂಗಳೂರಿನಿಂದ ಹಾಸನಕ್ಕೆ ಬರುವಾಗ ಒಂದು ಪೆಟ್ಟಿಗೆ ಹೊತ್ತು ತಂದಿದ್ದ. ಜರ್ಮನಿಯ ಕ್ಲೌಸ್ ಟಾಯ್ಬರ್ ಎಂಬವರು ಮಾಡಿದ ಆಟ, 1995ರಲ್ಲಿ ಬಂದದ್ದು. ಅವರ ಕಸುಬು ಹಲ್ಲಿನ ಸೆಟ್ಟು ಮಾಡುವುದಾಗಿತ್ತಂತೆ. ಮರ, ಇಟ್ಟಿಗೆ, ಕುರಿ, ಗೋಧಿ, ಅದಿರು ಸೇರಿಸಿಕೊಂಡು, ಇಲ್ಲದ್ದನ್ನು ಬೇರೆಯವರ ಹತ್ತಿರ ಬದಲಾಯಿಸಿಕೊಂಡು ಊರು ಕಟ್ಟಬೇಕು. ಮಣೆಯ ಜಾಗಗಳ ಮೇಲೆ ಸಂಖ್ಯೆ ಇರುತ್ತದೆ, ದಾಳದಲ್ಲಿ ಆ ಸಂಖ್ಯೆ ಬಿದ್ದರೆ ಪಕ್ಕದಲ್ಲಿ ಮನೆ ಕಟ್ಟಿದವರಿಗೆ ಸಾಮಾನು ಸಿಗುತ್ತದೆ. 10 ಅಂಕ ಮೊದಲು ಮಾಡಿದವರು ಗೆದ್ದರು. ಎರಡು ದಾಳ ಹಾಕಿದರೆ ಬೀಳುವ ಬಗೆ 36. ಅದರಲ್ಲಿ 7 ಬರುವುದು ಆರು ಬಗೆಯಲ್ಲಿ. 6 ಮತ್ತು 8 ಬರುವುದು ಐದೈದು ಬಗೆಯಲ್ಲಿ. 12 ಬರುವುದು ಒಂದೇ ಬಗೆಯಲ್ಲಿ. 7 ಬಿದ್ದರೆ ಯಾವ ಜಾಗದಿಂದಲೂ ಏನೂ ಸಿಗುವುದಿಲ್ಲ, ಕಳ್ಳ ಎಂಬ ಕಾಯಿ ಜಾಗ ಬದಲಿಸುತ್ತದೆ. ಹಾಗಾಗಿ ನಿಮ್ಮ ಗೆಳೆಯ 6, 8ರ ಪಕ್ಕ ಮನೆ ಕಟ್ಟಿದ್ದು ಮೋಸವಲ್ಲ, ಜಾಣತನ. ನೀವು ಎಲ್ಲಿ ಕಟ್ಟಿದ್ದಿರಿ ಎಂದು ಬರೆದಿಲ್ಲ. 12ರ ಪಕ್ಕ ಕೂತು ಮಳೆಗೆ ಕಾದ ಹಾಗೆ ಕಾದಿರಬಹುದು ಎಂಬ ಗುಮಾನಿ ನನ್ನದು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ!

ಇನ್ನು ಇಟ್ಟಿಗೆ ವಿಷಯ. ಗೆಲ್ಲಲು 10 ಬೇಕು, ನಿಮಗೆ 8 ಆಗಿದೆ. ಆಗ ನಿಮಗೆ ಇಟ್ಟಿಗೆ ಕೊಡುವವನು ಗೆಳೆಯನಲ್ಲ, ನಿದ್ದೆಗಣ್ಣಿನವನು. ನೀವು ಅಷ್ಟು ಹತ್ತಿರ ಬಂದಿದ್ದೀರಿ ಎಂದು ಹೆದರಿಯೇ ಅವನು ಹಾಗೆ ಹೇಳಿದ್ದು. ಅದನ್ನು ಮರ್ಯಾದೆ ಅಂದುಕೊಳ್ಳಬೇಕಿತ್ತು. ಸೋಲುವವನಿಗೆ ಯಾರು ಬೇಕಾದರೂ ಇಟ್ಟಿಗೆ ಕೊಡುತ್ತಾರೆ ಮಾರಾಯ್ರೇ.

ನನಗೆ ಈ ಪಾಠ ಕಲಿಸಿದ್ದು ಅಜ್ಜಿ. ಮೂಡಿಗೆರೆ ಕಡೆಯ ಹಳ್ಳಿ. ಜುಲೈ ತಿಂಗಳ ಮಳೆ ಹಿಡಿದರೆ ವಾರಗಟ್ಟಲೆ ಬಿಡುತ್ತಿರಲಿಲ್ಲ. ಕರೆಂಟು ಹೋದರೆ ಮೂರು ದಿನ ಬರುತ್ತಿರಲಿಲ್ಲ. ಜಗುಲಿಯ ಕೆಂಪು ನೆಲದ ಮೇಲೆ ಅಜ್ಜಿ ಸೀಮೆಸುಣ್ಣದಲ್ಲಿ ಐದು-ಐದು ಮನೆ ಎಳೆದು, ಕಟ್ಟೆ ಮನೆಗಳಿಗೆ ಅಡ್ಡಗೆರೆ ಹಾಕುತ್ತಿದ್ದಳು. ಚೌಕಾಬಾರ. ನಾಲ್ಕು ಕವಡೆ. ನಾಲ್ಕೂ ಅಂಗಾತ ಬಿದ್ದರೆ ಚೌಕ, ನಾಲ್ಕೂ ಬೋರಲು ಬಿದ್ದರೆ ಬಾರ, ಅಂದರೆ ಎಂಟು. ಅವಳ ಕಾಯಿ ಮುರಿದ ಬಳೆಚೂರು, ನನ್ನದು ಹುಣಸೆಬೀಜ. ನನಗೆ ಆಗ ಎಂಟೋ ಒಂಬತ್ತೋ ವರ್ಷ. ಕಾಯಿ ಇನ್ನೇನು ಹಣ್ಣಾಗಬೇಕು, ಮೂರು ಮನೆ ಬಾಕಿ ಅನ್ನುವಾಗ ಅಜ್ಜಿ ಕವಡೆಯನ್ನು ಅಂಗೈಯಲ್ಲಿ ಉಜ್ಜಿ, ಬಾಯಿ ಹತ್ತಿರ ಹಿಡಿದು ಏನೋ ಗುನುಗಿ, ಹಾಕಿ, ನನ್ನ ಕಾಯಿ ಕಡಿದುಹಾಕುತ್ತಿದ್ದಳು. ಕಡಿದ ಹುಣಸೆಬೀಜವನ್ನು ಹೆಬ್ಬೆರಳಿನಿಂದ ಚಿಮ್ಮಿ ನನ್ನ ಮಡಿಲಿಗೆ ಎಸೆಯುತ್ತಿದ್ದಳು. ನಾನು ಅತ್ತರೆ ಅಮ್ಮ ಒಳಗಿನಿಂದ ‘ಮಗು ಅಲ್ವಾ ಅತ್ತೆ, ಒಂದು ಸಲ ಬಿಟ್ಟುಕೊಡಿ’ ಅನ್ನುವಳು. ಅಜ್ಜಿಯ ಉತ್ತರ ಒಂದೇ: ‘ಹಾಗಾದ್ರೆ ಅವನು ಆಟಕ್ಕುಂಟು ಲೆಕ್ಕಕ್ಕಿಲ್ಲ ಅಂತ ಮೊದಲೇ ಹೇಳಬೇಕಿತ್ತು.’

ಆ ಮಾತು ಕೇಳಿದ ಕೂಡಲೇ ನನ್ನ ಅಳು ನಿಲ್ಲುತ್ತಿತ್ತು. ಯಾವ ಮಗುವೂ ಲೆಕ್ಕಕ್ಕಿಲ್ಲದವನಾಗಲು ಒಪ್ಪುವುದಿಲ್ಲ. ಹನ್ನೊಂದನೇ ವಯಸ್ಸಿನಲ್ಲಿ ಒಮ್ಮೆ ಗೆದ್ದೆ. ಅಜ್ಜಿ ಹೊಗಳಲಿಲ್ಲ. ನಾಲ್ಕೂ ಕವಡೆಗಳನ್ನು ಒಂದೊಂದಾಗಿ ಬೆಳಕಿಗೆ ಹಿಡಿದು, ತಿರುಗಿಸಿ, ನಾನು ಏನಾದರೂ ಕಳ್ಳಾಟ ಮಾಡಿದ್ದೀನಾ ಅಂತ ಪರೀಕ್ಷೆ ಮಾಡಿದಳು. ಆಮೇಲೆ ನನಗೆ ಸಿಕ್ಕ ಯಾವ ಪ್ರಶಸ್ತಿಯೂ ಅಷ್ಟು ಖುಷಿ ಕೊಟ್ಟಿಲ್ಲ.

ಈಗ ನೀವು ಅಂಕ ಲೆಕ್ಕ ಬೇಡ ಅನ್ನುತ್ತಿದ್ದೀರಿ. ಅಂದರೆ ನಾಲ್ಕೂ ಜನ ಆಟಕ್ಕುಂಟು ಲೆಕ್ಕಕ್ಕಿಲ್ಲ ಆಗಬೇಕು! ಅದಕ್ಕೆ ಮಹಡಿ ಯಾಕೆ, ಪೆಟ್ಟಿಗೆ ಯಾಕೆ? ಕಡ್ಲೆಪುರಿ ತಿಂದು ಮನೆಗೆ ಹೋಗಬಹುದು.

ಜಗಳವಾಗುತ್ತದೆ, ನಿಜ. ಮಣೆ ಆಟದ ಜಗಳ ಹೊಸದೇನಲ್ಲ. ತುಳುನಾಡಿನ ಸಿರಿ ಕಥೆಯಲ್ಲಿ ಅಬ್ಬಗ, ದಾರಗ ಎಂಬ ಅವಳಿ ಹುಡುಗಿಯರು ಚೆನ್ನೆಮಣೆ ಆಡುತ್ತಾರೆ. ಸಿಟ್ಟಿನಲ್ಲಿ ಒಬ್ಬಳು ಮಣೆ ಎತ್ತಿ ಇನ್ನೊಬ್ಬಳ ತಲೆಗೆ ಹೊಡೆಯುತ್ತಾಳೆ, ಜೀವವೇ ಹೋಗುತ್ತದೆ. (ಅವಳೂ ಸ್ವಲ್ಪ ಜೋರಾಗಿ ಎದ್ದಿರಬೇಕು.) ಅಕ್ಕತಂಗಿಯರು ಎದುರುಬದುರು ಕೂತು ಚೆನ್ನೆ ಆಡಬಾರದು ಎಂಬ ನಂಬಿಕೆ ಘಟ್ಟದ ಕೆಳಗೆ ಇದೆ. ಆದರೆ ನೋಡಿ, ಕಾಯಿ ಎಣಿಸದೆ ಆಡಿ ಎಂದು ಅಲ್ಲಿ ಯಾರೂ ಹೇಳಲಿಲ್ಲ. ಹದಿನಾಲ್ಕು ಗುಳಿಯ ಆ ಮಣೆಯಲ್ಲಿ ಎಣಿಕೆ ಬಿಟ್ಟರೆ ಉಳಿಯುವುದು ಬೀಜ ಮಾತ್ರ.

ನನ್ನ ಪ್ರಕಾರ ಆಟ ಕೆಡಿಸುವುದು ಗೆಲ್ಲುವ ಆಸೆಯಲ್ಲ, ನಿಯಮವನ್ನು ಮಧ್ಯದಲ್ಲಿ ಹುಡುಕುವುದು. ಚೌಕಾಬಾರದಲ್ಲಿ ಕೆಲವು ಮನೆಗಳಲ್ಲಿ ಒಂದಾದರೂ ಕಾಯಿ ಕಡಿಯದೆ ಒಳಸುತ್ತಿಗೆ ಹೋಗುವ ಹಾಗಿಲ್ಲ. ಕೆಲವು ಮನೆಗಳಲ್ಲಿ ಆ ತಕರಾರಿಲ್ಲ. ಅಜ್ಜಿ ಯಾರ ಜೊತೆ ಕೂತರೂ ಮೊದಲು ಅದನ್ನೇ ಕೇಳುತ್ತಿದ್ದಳು: ‘ನಿಮ್ಮಲ್ಲಿ ಹೇಗೆ?’ ಹಾಸನದ ಹಾಸ್ಟೆಲಿನಲ್ಲಿ ನಮ್ಮ ಕೇರಂ ಬೋರ್ಡಿನ ಮೇಲೆ ಬಿದ್ದ ಪೌಡರಿಗಿಂತ ಜಾಸ್ತಿ ಬಿದ್ದದ್ದು ಬೈಗುಳ. ಎಲ್ಲ ರೆಡ್ ಮತ್ತು ಕವರ್ ವಿಷಯಕ್ಕೆ. ಮೊದಲೇ ಮಾತಾಡಿಕೊಂಡಿದ್ದರೆ ಅರ್ಧ ಜಗಳ ಇರುತ್ತಿರಲಿಲ್ಲ.

ನಾವು ಚಿಕ್ಕಂದಿನಲ್ಲಿ ‘ವ್ಯಾಪಾರ’ ಎಂದು ಆಡಿದ್ದರ ಮೂಲ ಮೊನಾಪಲಿ. ಅದಕ್ಕೂ ಹಿಂದೆ, 1904ರಲ್ಲಿ, ಎಲಿಜಬೆತ್ ಮ್ಯಾಗಿ ಎಂಬ ಅಮೆರಿಕದ ಹೆಂಗಸು ಅಂಥದೇ ಒಂದು ಆಟಕ್ಕೆ ಪೇಟೆಂಟ್ ಪಡೆದಿದ್ದಳು. ಭೂಮಿಯೆಲ್ಲ ಒಬ್ಬನ ಕೈ ಸೇರಿದರೆ ಉಳಿದವರ ಗತಿ ಏನಾಗುತ್ತದೆ ಎಂದು ತೋರಿಸುವುದು ಅವಳ ಉದ್ದೇಶ. ಮೊನಾಪಲಿಯ ನಿಯಮದಲ್ಲಿ, ಬಂದು ನಿಂತ ಜಾಗವನ್ನು ನೀವು ಕೊಳ್ಳದಿದ್ದರೆ ಅದು ತಕ್ಷಣ ಹರಾಜಿಗೆ ಹೋಗಬೇಕು. ಎಷ್ಟು ಜನ ಹಾಗೆ ಆಡುತ್ತಾರೆ? ಪೆಟ್ಟಿಗೆಯೊಳಗಿನ ಕಾಗದ ಓದುವುದಿಲ್ಲ, ಆಟ ಮೂರು ಗಂಟೆ ಎಳೆಯಿತು ಅಂತ ಗೊಣಗುತ್ತೇವೆ. ಕಾಗದ ಓದದೆ ಸಹಿ ಹಾಕಿ ಆಮೇಲೆ ಗೊಣಗುವುದು ನಮ್ಮ ಜನಕ್ಕೆ ಆಟದಲ್ಲಿ ಮಾತ್ರ ಇರುವ ಅಭ್ಯಾಸವಲ್ಲ, ಬಿಡಿ.

ಸೋಲಿನ ಬಗ್ಗೆ ನನಗೊಂದು ಹಳೆಯ ಸಂಕಟವಿದೆ. ಮೊಮ್ಮಗಳ ಶಾಲೆಯ ಕ್ರೀಡಾಕೂಟಕ್ಕೆ ಹೋಗಿದ್ದೆ. ಓಟದಲ್ಲಿ ಓಡಿದ ಎಲ್ಲ ಮಕ್ಕಳಿಗೂ ಒಂದೇ ಅಳತೆಯ ಪ್ಲಾಸ್ಟಿಕ್ ಕಪ್ ಕೊಟ್ಟರು. ಅವಳು ಕಪ್ ಹಿಡಿದು ಬಂದು ಕೇಳಿದಳು: ‘ತಾತ, ಯಾರು ಗೆದ್ದಿದ್ದು?’ ನನಗೂ ಗೊತ್ತಿರಲಿಲ್ಲ. ಮನೆಗೆ ಬಂದ ಮೇಲೆ ಕಪ್ಪಿನಲ್ಲಿ ಪೆನ್ಸಿಲ್ ಹಾಕಿಟ್ಟಳು. ಹೀಗೆ ಬೆಳೆದವರು ಮುಂದೆ ಫೋನಿನಲ್ಲಿ ಲೂಡೋ ಆಡುತ್ತಾರೆ. ಅಲ್ಲಿ ಸೋತರೆ ಎದುರಿಗೆ ನಗುವ ಮುಖ ಇಲ್ಲ, ಆಪ್ ಅಳಿಸಿದರೆ ಮುಗಿಯಿತು. ಎದುರಿಗೆ ಕೂತು ಸೋತು, ‘ಇನ್ನೊಂದು ಆಟ ಹಾಕು’ ಅನ್ನುವ ಗುಂಡಿಗೆ ಬೇರೆಯದೇ. 1831ರಲ್ಲಿ ಬ್ರಿಟಿಷರು ಆಡಳಿತ ಕಿತ್ತುಕೊಂಡ ಮೇಲೂ ಮುಮ್ಮಡಿ ಕೃಷ್ಣರಾಜ ಒಡೆಯರು ಹೊಸ ಹೊಸ ಮಣೆ ಆಟ ಕಟ್ಟುತ್ತಿದ್ದರು. ಮೈಸೂರಿನ ಜಗನ್ಮೋಹನ ಅರಮನೆಯ ಗೋಡೆಯಲ್ಲಿ ಅವುಗಳ ಚಿತ್ರಗಳಿವೆ. ರಾಜ್ಯವೇ ಕೈತಪ್ಪಿದ ಮನುಷ್ಯ ಮಣೆ ಎತ್ತಿ ಹಾಕಲಿಲ್ಲ. ನಿಮಗೆ ಹೋದದ್ದು ಒಂದು ಇಟ್ಟಿಗೆ.

ಸ್ಪರ್ಧೆ ಬೇಡವೇ ಬೇಡ ಅಂದರೆ 2008ರಲ್ಲಿ ಬಂದ ಪ್ಯಾಂಡೆಮಿಕ್ ಎಂಬ ಆಟವಿದೆ. ಎಲ್ಲರೂ ಒಟ್ಟಾಗಿ ರೋಗದ ವಿರುದ್ಧ ಆಡಬೇಕು. ಗೆದ್ದರೆ ಎಲ್ಲರೂ, ಸೋತರೆ ಎಲ್ಲರೂ. ಅಲ್ಲೂ ನಿಮ್ಮ ಗೆಳೆಯ ಎಲ್ಲರ ಪಾಲಿನ ನಡೆಯನ್ನು ತಾನೇ ಹೇಳುತ್ತಾ ಕೂರುತ್ತಾನೆ, ನೋಡುತ್ತಿರಿ.

ಹಾಗಾಗಿ ಈ ಶನಿವಾರ ಸಂಜೆ ಅವನ ಮನೆಗೆ ನೀವೇ ಹೋಗಿ. ಫೋನ್ ಮಾಡಬೇಡಿ, ಮೆಸೇಜು ಬೇಡವೇ ಬೇಡ. ಕಾಯಿ ಚೆಲ್ಲಿದ್ದು ನಾನೇ ಅನ್ನಿ. ‘ಸ್ವಲ್ಪ’ ಎಂಬ ಪದ ಬಿಟ್ಟು ಹೇಳಿ. ಭಾನುವಾರ ಕಾಗದ ಓದಿ ಶುರು ಮಾಡಿ. 6ರ ಪಕ್ಕದ ಜಾಗವನ್ನು ಅವನಿಗಿಂತ ಮೊದಲು ನೀವು ಹಿಡಿಯಿರಿ. ಅವನಿಗೆ 8 ಆದಾಗ ಒಂದು ಇಟ್ಟಿಗೆಯನ್ನೂ ಕೊಡಬೇಡಿ. ಯಾರು ಗೆದ್ದರು ಅಂತ ನನಗೆ ಬರೆಯಿರಿ, ಅಂಕ ಸಮೇತ.

ಮಳೆಗಾಲದಲ್ಲಿ ನಾನು ಒಮ್ಮೆ ಚಿಕ್ಕಮಗಳೂರಿಗೆ ಬರುವುದಿದೆ. ಚೌಕಾಬಾರ ಬರುವವರು ಯಾರಾದರೂ ಇದ್ದರೆ ನಿಮ್ಮ ಮಹಡಿಗೆ ಕರೆದಿಡಿ. ಕವಡೆ ನಾನೇ ತರುತ್ತೇನೆ. ಬೇಕಿದ್ದರೆ ತಿರುಗಿಸಿ ನೋಡಿಕೊಳ್ಳಿ.

ಸಂಪಾದಕ